ತೆನೆ ಹೊತ್ತ ಅಕ್ಷರ

ಡಯಾಲಿಸಿಸ್ ಯಂತ್ರದ ಬೆನ್ನಿಗೆ ಬೆಳ್ಳಿ ಬಣ್ಣದ ಒಂದು ಸ್ಟಿಕ್ಕರ್ ಅಂಟಿಸಿದ್ದರು. ಅದರ ಮೂಲೆಯೊಂದು ಎದ್ದಿತ್ತು. ಸ್ಟಿಕ್ಕರ್ ಕತ್ತರಿಸಿ ಅಂಟಿಸುವುದೇ ನನ್ನ ಹೊಟ್ಟೆಪಾಡಾದ್ದರಿಂದ ಎದ್ದ ಮೂಲೆ ಕಂಡರೆ ನನ್ನ ಕೈ ಸುಮ್ಮನಿರುವುದಿಲ್ಲ. ಹೆಬ್ಬೆರಳಿನಿಂದ ಒತ್ತಿ ಕೂರಿಸುತ್ತಿರುವಾಗ ಒಂದು ಅಕ್ಷರ ಕಣ್ಣಿಗೆ ಬಿತ್ತು. ಇಸವಿಯ ಅಂಕಿಗಳಾದ ಮೇಲೆ ಅದು, ಆಮೇಲೆ ತಿಂಗಳ ಅಂಕಿ, ಅದರ ಪಕ್ಕಕ್ಕೆ ಇನ್ನೊಂದು ಅಕ್ಷರ. ಯಂತ್ರ ತಯಾರಾದ ದಿನಾಂಕ ಎಂದು ಯಾರು ಬೇಕಾದರೂ ಊಹಿಸಬಹುದಿತ್ತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಅದರ ಆಕಾರ.

年

ಮೂರು ಅಡ್ಡಗೆರೆ. ನಡುವೆ ಮೇಲಿಂದ ಕೆಳಕ್ಕೆ ಇಳಿದ ಒಂದು ಉದ್ದಗೆರೆ. ಎಡಕ್ಕೆ, ತಲೆಯ ಹತ್ತಿರ, ಒಂದು ಓರೆ ಏಟು. ಹೊಟ್ಟೆಯ ಹತ್ತಿರ ಒಂದು ಗಿಡ್ಡ ಗೆರೆ. ನಮ್ಮ ಕನ್ನಡದ ಅಕ್ಷರಗಳೆಲ್ಲ ದುಂಡು. ಬ್ರಷ್ಷು ಎತ್ತದೆ ಸುತ್ತಿಸಬೇಕು. ಇದು ಬರೀ ಮೂಳೆ. ಪ್ರತಿ ಗೆರೆಗೂ ಬ್ರಷ್ಷು ಎತ್ತಿ ಮತ್ತೆ ಊರಬೇಕು. ನನ್ನ ಬೆರಳು ತೊಡೆಯ ಮೇಲೆ ಅದನ್ನು ಬರೆದು ನೋಡಿತು.

ನಾನು ಚಿತ್ರದುರ್ಗದಲ್ಲಿ ಬೋರ್ಡ್ ಬರೆಯುವವನು. ಬರೆಯುತ್ತಿದ್ದವನು ಅಂದರೆ ಸರಿ. ಫ್ಲೆಕ್ಸ್ ಬಂದು ಅಂಗಡಿ ಬೋರ್ಡುಗಳನ್ನು ನುಂಗಿತು. ನಂಬರ್ ಪ್ಲೇಟು ಬರೆದುಕೊಂಡಾದರೂ ಇರೋಣವೆಂದರೆ ಅದಕ್ಕೂ ಸರ್ಕಾರದ ಅಚ್ಚಿನ ಪ್ಲೇಟೇ ಬೇಕೆಂದಾಯಿತು. ಈಗ ಟ್ರ್ಯಾಕ್ಟರಿನ ಹಿಂದಕ್ಕೆ ರೇಡಿಯಂ, ಆಟೋ ಗಾಜಿಗೆ ದೇವರ ಹೆಸರು, ದೇವರ ಕೆಳಗೆ ಮಕ್ಕಳ ಹೆಸರು. ಕೆಲಸ ಹೋದರೂ ಅಕ್ಷರದ ಹುಚ್ಚು ಹೋಗಲಿಲ್ಲ. ಅದು ಹೋಗಿದ್ದರೆ ನೆಮ್ಮದಿಯಾಗಿ ಇರುತ್ತಿದ್ದೆನೇನೋ.

ಯಂತ್ರದ ಪಕ್ಕದ ಮಂಚದ ಮೇಲೆ ಮಲಗಿದ್ದವಳು ನನ್ನ ಅಕ್ಕ. ಅವಳ ಎರಡೂ ಕಿಡ್ನಿ ಕೈಕೊಟ್ಟು ಬಹಳ ದಿನವಾಗಿತ್ತು. ನಾವು ಯಲ್ಲದಕೆರೆ ಕಡೆಯ ಕುರಿ ಸಾಕುವ ಮನೆಯವರು. ಅವಳನ್ನು ಹಿರೇಗುಂಟನೂರಿನ ಆಚೆಯ ಒಂದು ಹಳ್ಳಿಗೆ ಕೊಟ್ಟಿದ್ದರು. ವಾರಕ್ಕೆ ಎರಡು ಸಲ ಭಾವ ಅವಳನ್ನು ಬೈಕಿನಲ್ಲಿ ತಂದು ಬಸ್ಸು ಹತ್ತಿಸಿ ತಮ್ಮ ಕುರಿಗಳ ಹಿಂದೆ ಹೋಗುತ್ತಿದ್ದರು. ದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ನಾನು ಇಳಿಸಿಕೊಂಡು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಿದ್ದೆ. ಗಿರಾಕಿ ಇಲ್ಲದ ಅಂಗಡಿಯಿಂದ ಇರುವ ಒಂದೇ ಅನುಕೂಲ ಅದು. ಬಾಗಿಲು ಹಾಕಿದರೆ ಯಾಕೆ ಹಾಕಿದೆ ಎಂದು ಕೇಳುವವರಿಲ್ಲ.

ಅವಳ ಎಡಗೈಯ ಮುಂದೋಳಿನಲ್ಲಿ ಎರಡು ರಕ್ತನಾಳಗಳನ್ನು ಕೂಡಿಸಿ ಹೊಲಿದಿದ್ದರು. ಅದಕ್ಕೆ ಫಿಸ್ಟುಲಾ ಎನ್ನುತ್ತಾರೆ. ಸೂಜಿ ಚುಚ್ಚಿ ರಕ್ತ ಹೊರಗೆ ತೆಗೆಯುವುದು, ತೊಳೆದು ಒಳಗೆ ಬಿಡುವುದು, ಎಲ್ಲ ಅಲ್ಲಿಂದಲೇ. ಮುಟ್ಟಿದರೆ ಒಳಗೆ ಸಣ್ಣಗೆ ಜುಮುಗುಟ್ಟುತ್ತಿತ್ತು, ಕಿವಿಯಿಟ್ಟರೆ ಗುಂಯ್ ಅನ್ನುತ್ತಿತ್ತು. ಅಕ್ಕ ಅದಕ್ಕೆ ಜೇನು ಎಂದು ಹೆಸರಿಟ್ಟಿದ್ದಳು. ಡಾಕ್ಟರು ಮೊದಲ ದಿನವೇ ಹೇಳಿದ್ದರು: ಈ ಸದ್ದು ಇರುವ ತನಕ ನೀವು. ಆ ಕೈಗೆ ಬಿಗಿ ಬಳೆ ಬೇಡ, ಅದರ ಮೇಲೆ ಮಲಗುವುದು ಬೇಡ, ಭಾರ ಎತ್ತುವುದಂತೂ ಬೇಡವೇ ಬೇಡ. ಆಮೇಲೆ ರಾಗಿ ಮುದ್ದೆ ಕಮ್ಮಿ ಮಾಡಿ ಅಂದರು, ಎಳನೀರು ಮುಟ್ಟಲೇಬೇಡಿ ಅಂದರು, ನೀರನ್ನು ಲೋಟದಲ್ಲಿ ಅಳೆದು ಕುಡಿಯಿರಿ ಅಂದರು. ಅಕ್ಕ ಎಲ್ಲಕ್ಕೂ ತಲೆ ಆಡಿಸಿ ಹೊರಗೆ ಬಂದು, "ಇನ್ನು ಬದುಕಾಕೆ ಏನ್ ಉಳೀತಲೇ" ಎಂದು ನನ್ನನ್ನು ಕೇಳಿದಳು.

ನಾನು ಫೋನಿನ ಕ್ಯಾಮೆರಾವನ್ನು ಆ ಅಕ್ಷರಕ್ಕೆ ಹಿಡಿದೆ. ಚೀನಾದವರ ಅಕ್ಷರ, "ವರ್ಷ" ಎಂದು ಬಂತು. ಅಷ್ಟಕ್ಕೆ ಬಿಡಬಹುದಿತ್ತು. ಆದರೆ ಯಂತ್ರ ರಕ್ತ ತೊಳೆಯುವುದಕ್ಕೆ ಅರ್ಧ ದಿನ ಬೇಕು, ಆ ಅರ್ಧ ದಿನ ಅಲ್ಲಿ ನೋಡುವುದಕ್ಕೆ ಏನೂ ಇಲ್ಲ. ಕೆಂಪು ನಳಿಕೆ, ಹಸಿರು ಪರದೆ, ಪಕ್ಕದ ಮಂಚದವರ ಹಿಮ್ಮಡಿ. ಹಾಗಾಗಿ ವಾರಗಟ್ಟಲೆ, ಅಕ್ಕನ ಪಕ್ಕದ ಸ್ಟೂಲಿನ ಮೇಲೆ ಕೂತು, ಆ ಒಂದು ಅಕ್ಷರದ ಬೆನ್ನು ಹತ್ತಿದೆ.

ಈಗಿನ ರೂಪ ನೋಡಿದರೆ ಏನೂ ತಿಳಿಯುವುದಿಲ್ಲ. ಬಹಳ ಹಿಂದೆ, ಇನ್ನೂ ಮೂಳೆಯ ಮೇಲೆ, ಆಮೆಯ ಚಿಪ್ಪಿನ ಮೇಲೆ ಗೀರುತ್ತಿದ್ದ ಕಾಲದಲ್ಲಿ, ಅದು ಒಂದು ಚಿತ್ರವಾಗಿತ್ತು. ಮೇಲೆ ಒಂದು ತೆನೆ, ಭಾರಕ್ಕೆ ತಲೆ ಬಾಗಿದ ತೆನೆ. ಅದರ ಕೆಳಗೆ ಒಬ್ಬ ಮನುಷ್ಯ. ಮನುಷ್ಯ ತೆನೆ ಹೊತ್ತು ಮನೆಗೆ ಬರುತ್ತಿದ್ದಾನೆ. ಅಕ್ಷರ ಇಷ್ಟೇ. ಮೊದಲು ಅದರ ಅರ್ಥ ವರ್ಷ ಅಲ್ಲವೇ ಅಲ್ಲ. ಬೆಳೆ ಕೈಗೆ ಬಂದದ್ದು, ಸುಗ್ಗಿ. ಪೈರು ಒಂದು ಸಲ ಮಾಗಿ ಮನೆ ಸೇರುವುದಕ್ಕೆ ಎಷ್ಟು ಕಾಲ ಬೇಕೋ ಅಷ್ಟು ಕಾಲಕ್ಕೆ ಆಮೇಲೆ ಅದೇ ಹೆಸರಾಯಿತು. ಕೆಲವರು ಕೆಳಗಿರುವುದು ಬರೀ ಮನುಷ್ಯನಲ್ಲ, ಉಚ್ಚಾರಣೆಗಾಗಿ ಇಟ್ಟ ಸಾವಿರ ಎಂಬ ಅಕ್ಷರ ಅನ್ನುತ್ತಾರಂತೆ. ಆ ಸಾವಿರವೂ ಮನುಷ್ಯನ ಆಕಾರದಿಂದಲೇ ಹುಟ್ಟಿದ್ದು. ಬರೆಯುತ್ತ ಬರೆಯುತ್ತ ತೆನೆಯ ಗೆರೆಗಳೂ ಮನುಷ್ಯನ ಗೆರೆಗಳೂ ಒಂದರೊಳಗೊಂದು ಸೇರಿಹೋದವು. ಈಗ ಹುಡುಕಿದರೂ ಮನುಷ್ಯ ಕಾಣುವುದಿಲ್ಲ. ಬೋರ್ಡ್ ಬರೆಯುವವರ ಕೈಯಲ್ಲಿ ಹೀಗಾಗುವುದು ನನಗೆ ಗೊತ್ತು. ಅವಸರಕ್ಕೆ ಒಂದು ಏಟು ಉಳಿಸುತ್ತೇವೆ, ಮುಂದಿನವನು ಅದನ್ನೇ ಸರಿ ಅಂದುಕೊಂಡು ಬರೆಯುತ್ತಾನೆ.

ಇದನ್ನು ಅಕ್ಕನಿಗೆ ಹೇಳಿದೆ. ಅವಳು ಕಣ್ಣು ಮುಚ್ಚಿಕೊಂಡೇ ಕೇಳಿದಳು.

"ಗಂಡಸೋ ಹೆಂಗಸೋ, ಹೊತ್ತಿರಾದು?"

"ಮನುಷ್ಯ ಅಂತ ಐತೆ ಅಷ್ಟೇ."

"ಹೊತ್ಕಂಡು ಬರ್ತಾ ಐತೆ ಅಂದ್ರೆ ಹೆಂಗಸೇ ಬಿಡು" ಅಂದಳು. "ಗಂಡಸ್ರಾಗಿದ್ರೆ ಗಾಡಿ ಮೇಲೆ ಕುಂತಿರಾರು."

ಅಲ್ಲಿನ ಟೆಕ್ನಿಷಿಯನ್ ಹುಡುಗಿ ನಕ್ಕಳು. ಮಾಸ್ಕ್ ಹಾಕಿಕೊಂಡೇ ಇರುತ್ತಿದ್ದ ಆ ಹುಡುಗಿಯ ಮುಖ ನಾನು ಪೂರ್ತಿ ನೋಡಿದ್ದೇ ಇಲ್ಲ. ಸೂಜಿ ಚುಚ್ಚುವಾಗ ಮಾತ್ರ ಅವಳು ನಗುತ್ತಿರಲಿಲ್ಲ. ಅದಕ್ಕೇ ಅಕ್ಕನಿಗೆ ಅವಳನ್ನು ಕಂಡರೆ ಇಷ್ಟ.

ಚೀನಾದವರದ್ದೇ ಒಂದು ಕಥೆಯೂ ಸಿಕ್ಕಿತು. ಈ ಅಕ್ಷರದ ಹೆಸರಿನ ಒಂದು ಪ್ರಾಣಿ ಇತ್ತಂತೆ. ವರ್ಷ ತಿರುಗುವ ಹೊತ್ತಿಗೆ ಬಂದು ಜನರನ್ನೂ ದನವನ್ನೂ ತಿಂದುಹೋಗುತ್ತಿತ್ತು. ಕೆಂಪು ಬಣ್ಣಕ್ಕೆ, ಪಟಾಕಿ ಸದ್ದಿಗೆ ಹೆದರುತ್ತಿತ್ತು. ಅದಕ್ಕೇ ಅವರು ಹೊಸ ವರ್ಷಕ್ಕೆ ಬಾಗಿಲಿಗೆ ಕೆಂಪು ಕಾಗದ ಹಚ್ಚುತ್ತಾರೆ, ಪಟಾಕಿ ಹೊಡೆಯುತ್ತಾರೆ. ಇದೆಲ್ಲ ಆಮೇಲೆ ಕಟ್ಟಿದ್ದು, ಅಕ್ಷರ ಹುಟ್ಟಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ತಿಳಿದವರು ಬರೆದಿದ್ದರು. ಅಕ್ಕನಿಗೆ ಮಾತ್ರ ಈ ಕಥೆ ಹಿಡಿಸಿತು. "ಬಂದು ತಿನ್ನಾದು ನಿಜ ಕಣಲೇ. ಪಟಾಕಿಗೆ ಹೆದರ್ತೈತೆ ಅನ್ನಾದು ಸುಳ್ಳು" ಅಂದಳು.

ನನಗೆ ಹಿಡಿಸಿದ್ದು ಬೇರೆ. ಆ ಮೂಳೆ, ಚಿಪ್ಪುಗಳ ಮೇಲೆ ಬರೆದದ್ದೇನು ಅಂದರೆ ಪ್ರಶ್ನೆಗಳು. ರಾಜನ ಕಡೆಯವರು ಮೂಳೆಗೆ ಬಿಸಿ ಮುಟ್ಟಿಸಿ, ಅದು ಚಟ್ಟೆಂದು ಬಿರಿದ ಗೆರೆ ನೋಡಿ ಭವಿಷ್ಯ ಹೇಳುತ್ತಿದ್ದರು. ಕೇಳಿದ್ದನ್ನು ಪಕ್ಕದಲ್ಲೇ ಗೀರಿ ಇಡುತ್ತಿದ್ದರು. ಅಲ್ಲಿ ಮತ್ತೆ ಮತ್ತೆ ಬರುವ ಪ್ರಶ್ನೆ ಒಂದು: ನಮಗೆ ವರ್ಷ ಸಿಗುತ್ತದೆಯೇ? ಅಂದರೆ ಬೆಳೆ ಕೈಗೆ ಬರುತ್ತದೆಯೇ ಅಂತ. ನಮ್ಮಲ್ಲೂ ವರ್ಷ ಅಂದರೆ ಮೊದಲು ಮಳೆಯೇ, ಆಮೇಲೆ ಕಾಲ. ಮಳೆ ಕೇಳಿದವರು ನಾವು, ತೆನೆ ಕೇಳಿದವರು ಅವರು, ಇಬ್ಬರಿಗೂ ಬೇಕಾಗಿದ್ದದ್ದು ಒಂದೇ. ನಮಗೆ ವರ್ಷ ಸಿಗುತ್ತದೆಯೇ ಎಂಬ ಆ ಮಾತು ಓದಿದಾಗ ಫೋನನ್ನು ತೊಡೆಯ ಮೇಲೆ ಮಗುಚಿ ಇಟ್ಟೆ. ಹಿಂದಿನ ವಾರವಷ್ಟೇ ನಾನು ಡಾಕ್ಟರ ಕೋಣೆಯಲ್ಲಿ ನಿಂತು ಬೇರೆ ಮಾತಿನಲ್ಲಿ ಇದನ್ನೇ ಕೇಳಿದ್ದೆ. ಅವರು ಪೆನ್ನಿನ ಮುಚ್ಚಳ ಹಾಕಿ, "ಅದೆಲ್ಲ ಹಿಂಗೇ ಅಂತ ಹೇಳಾಕೆ ಬರಲ್ಲ, ಕೈ ಚೆನ್ನಾಗಿ ನೋಡ್ಕಳ್ರಿ" ಅಂದಿದ್ದರು. ಹೇಳಲು ಬರುವುದಿಲ್ಲ ಎಂದು ಡಾಕ್ಟರು ಅಂದರೆ ಏನು ಹೇಳಿದರು ಎಂದು ತಿಳಿಯದಷ್ಟು ದಡ್ಡ ನಾನಲ್ಲ.

ಆಸ್ಪತ್ರೆಯಲ್ಲಿ ಅಕ್ಕನ ವಯಸ್ಸು ಕೇಳಿದಾಗ ಅವಳು ನನ್ನ ಮುಖ ನೋಡುತ್ತಿದ್ದಳು. ಅವಳಿಗೆ ಗೊತ್ತಿರಲಿಲ್ಲ, ನನಗೂ ಇಲ್ಲ. ನಮ್ಮ ಮನೆಯಲ್ಲಿ ವಯಸ್ಸು ಇದ್ದದ್ದು ಕುರಿಗಳಿಗೆ. ಬಾಯಿ ಬಿಡಿಸಿ ನೋಡಿದರೆ ಹಾಲುಹಲ್ಲಿನದೋ, ಎರಡು ಹಲ್ಲಿನದೋ, ನಾಲ್ಕು ಹಲ್ಲಿನದೋ ತಿಳಿಯುತ್ತದೆ. ಹಲ್ಲೆಲ್ಲ ಬಂದರೆ ಬಾಯಿ ಕೂಡಿತು ಅನ್ನುತ್ತಾರೆ. ಬಾಯಿ ಕೂಡಿದ ಮೇಲೆ ಎಣಿಸುವುದಿಲ್ಲ; ಹಲ್ಲು ಸವೆಯುವುದನ್ನು ನೋಡಿ ಯಾವಾಗ ಮಾರಬೇಕು ಎಂದು ಯೋಚಿಸುತ್ತಾರೆ. ಒಂದು ಸಲ ಭಾವ ಜೊತೆಗೆ ಬಂದಿದ್ದಾಗ ನರ್ಸು ವಯಸ್ಸು ಕೇಳಿದರು. "ಬಾಯಿ ಕೂಡಿ ಬಾಳ ದಿನ ಆತು, ಅಂದಾಜಿನ ಮೇಲೆ ಹಾಕ್ಕಳ್ರಿ" ಅಂದುಬಿಟ್ಟರು ಭಾವ. ಅಕ್ಕ ಆವತ್ತು ಮಂಚದ ಮೇಲೆ ಬಿದ್ದು ಬಿದ್ದು ನಕ್ಕಳು. ಅವಳು ಹಾಗೆ ನಕ್ಕಿದ್ದನ್ನು ನಾನು ಆಮೇಲೆ ನೋಡಲಿಲ್ಲ.

ರಾಗಿ ಕೊಯ್ಲಿನ ಕಾಲ ಬಂತು. ಆ ಸಲ ಮಳೆ ಹೇಗೋ ಹದವಾಗಿ ಆಗಿ ಅಕ್ಕನ ಹೊಲದಲ್ಲಿ ರಾಗಿ ಚೆನ್ನಾಗಿ ನಿಂತಿತ್ತು. ಕೊಯ್ಲಿಗೆ ಯಂತ್ರ ಕರೆಸಿದರು. ಈಗ ಎಲ್ಲ ಕಡೆ ಹಾಗೆಯೇ. ಕೊಯ್ಯುವುದು, ಒಕ್ಕುವುದು ಎಲ್ಲ ಅರ್ಧ ಹೊತ್ತಿನಲ್ಲಿ ಮುಗಿದುಹೋಗುತ್ತದೆ. ಆದರೆ ಯಂತ್ರ ಬಂದರೂ ಆ ಮನೆಯಲ್ಲಿ ಒಂದು ಪದ್ಧತಿ ಉಳಿದಿತ್ತು. ಹೊಲದ ಮೂಲೆಯಲ್ಲಿ ಒಂದಿಷ್ಟು ಪೈರನ್ನು ಯಂತ್ರಕ್ಕೆ ಕೊಡದೆ ಬಿಡುತ್ತಾರೆ. ಎಲ್ಲರೂ ಹೋದ ಮೇಲೆ ಮನೆಯ ಹಿರಿ ಹೆಂಗಸು ಅದನ್ನು ಕುಡುಗೋಲಿನಲ್ಲಿ ಕೊಯ್ದು, ಹಗ್ಗ ಬಿಗಿದು, ಹೊರೆ ಮಾಡಿ ತಲೆಯ ಮೇಲೆ ಹೊತ್ತು ಮನೆಗೆ ಬರಬೇಕು. ಅದು ಕಡೇಹೊರೆ. ಹೊತ್ತವಳ ಹಿಂದೆ ಯಾರೂ ಬರಬಾರದು. ಅವಳು ಹಿಂತಿರುಗಿ ನೋಡಬಾರದು, ಮಾತಾಡಬಾರದು, ಎಲ್ಲೂ ಇಳಿಸಬಾರದು. ದಾರಿಯಲ್ಲಿ ಯಾರಾದರೂ ಎದುರಾದರೆ ಅವರೇ ಸರಿದು ನಿಂತು ಮುಖ ತಿರುಗಿಸಿಕೊಳ್ಳಬೇಕು, ಮಾತಾಡಿಸಬಾರದು. ಬಾಗಿಲಲ್ಲಿ ಸೊಸೆ ಕಾಲಿಗೆ ನೀರು ಹುಯ್ದು "ಏನ್ ಬಂತು?" ಎಂದು ಕೇಳುತ್ತಾಳೆ. "ಹುಲುಸು ಬಂತು" ಎಂದು ಹೇಳಿದ ಮೇಲೆಯೇ ಹೊರೆ ಕೆಳಗೆ. ಅಲ್ಲಿಯ ತನಕ ಬಾಯಿ ಬಿಟ್ಟರೆ ಮುಂದಿನ ವರ್ಷದ ಹುಲುಸು ದಾರಿಯಲ್ಲೇ ಚೆಲ್ಲಿಹೋಗುತ್ತದೆ ಎಂಬ ನಂಬಿಕೆ.

ಅತ್ತೆ ತೀರಿಕೊಂಡ ಮೇಲೆ ಪ್ರತಿ ವರ್ಷ ಕಡೇಹೊರೆ ಹೊತ್ತವಳು ಅಕ್ಕ. ಈ ಸಲ ಬೇಡ ಎಂದು ನಾನು ಮೊದಲೇ ಜಗಳ ತೆಗೆದೆ. ಸೊಸೆ ಹೊರಲಿ ಅಂದೆ. ಅಕ್ಕನ ಸೊಸೆ ಒಳ್ಳೆಯ ಹುಡುಗಿ. "ನಾನ್ ಹೊರ್ತೀನಿ ಬಿಡತ್ತೆ" ಅಂದಳು. ಅಕ್ಕ ಜಗುಲಿಯ ಮೇಲೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತ, "ನಾನ್ ಸತ್ತ ಮ್ಯಾಲೆ ಹೊರೀವಂತೆ, ಈಗಿನ್ನೂ ಇದೀನಲ್ಲ" ಅಂದಳು. ಸೊಸೆ ಎದ್ದು ಒಳಗೆ ಹೋದಳು.

ಕೊನೆಗೆ ಭಾವ ಒಂದು ದಾರಿ ಹುಡುಕಿದರು. ಮೂಲೆಯಲ್ಲಿ ಬಿಡುವ ಪೈರನ್ನೇ ಕಮ್ಮಿ ಮಾಡಿ, ತಾವೇ ಹೋಗಿ ಕೊಯ್ದು, ತೋಳಿನಷ್ಟು ದಪ್ಪದ ಒಂದು ಕಟ್ಟು ಮಾಡಿ ಇಟ್ಟು ಬಂದರು. ಮಗು ಕೂಡ ಎತ್ತಬಹುದಾದಷ್ಟು. ಪದ್ಧತಿಗೆ ಪದ್ಧತಿಯೂ ಆಯಿತು, ಕೈಗೆ ತೊಂದರೆಯೂ ಇಲ್ಲ. ಅಕ್ಕ ಆಗಲಿ ಅಂದಳು. ಅವಳು ಅಷ್ಟು ಸಲೀಸಾಗಿ ಒಪ್ಪಿದಾಗಲೇ ನಮಗೆ ಅನುಮಾನ ಬರಬೇಕಿತ್ತು.

ಬಿಸಿಲು ಇಳಿಯುವ ಹೊತ್ತಿಗೆ ಅವಳು ಒಬ್ಬಳೇ ಹೊಲಕ್ಕೆ ಹೋದಳು. ಹೊಲ ಊರಿಗೆ ದೂರವೇನಲ್ಲ. ನಾವು ಮನೆಯ ಮುಂದೆ ಕಾದೆವು. ಸೊಸೆ ಚೊಂಬು ತುಂಬಿ ಹೊಸಲಿನ ಹತ್ತಿರ ಇಟ್ಟಳು. ಹೊತ್ತಾಯಿತು. ನಾನು ಎದ್ದು ಹೋಗಿ ನೋಡಿಬರುತ್ತೇನೆ ಅಂದರೆ ಭಾವ, "ಎದುರಿಗೆ ಹೋಗ್ಬಾರ್ದು, ಕುಂತ್ಕಳಪ್ಪ" ಅಂದರು. ಕೂತೆ.

ಓಣಿಯ ತಿರುವಿನಲ್ಲಿ ಅವಳು ಕಾಣಿಸಿದಾಗ ಮೊದಲು ಕಂಡದ್ದು ಅವಳಲ್ಲ, ಹೊರೆ. ಅದು ಭಾವ ಕಟ್ಟಿಟ್ಟ ಕಟ್ಟಾಗಿರಲಿಲ್ಲ. ಪಕ್ಕದ ಬದುವಿನ ಕೆಳಗೆ ಯಂತ್ರಕ್ಕೆ ಸಿಕ್ಕದೆ ನಿಂತಿದ್ದ ರಾಗಿಯನ್ನೆಲ್ಲ ಕೊಯ್ದು ಸೇರಿಸಿ, ಪ್ರತಿ ವರ್ಷ ಹೊರುತ್ತಿದ್ದಷ್ಟೇ ಹೊರೆ ಮಾಡಿಕೊಂಡಿದ್ದಳು. ತೆನೆಗಳು ಮುಖದ ಮೇಲೆ ಇಳಿಬಿದ್ದು ಕಣ್ಣು ಕಾಣುತ್ತಿರಲಿಲ್ಲ. ಕೆಳಗೆ ಎರಡು ಕಾಲು ಮಾತ್ರ ನಡೆದು ಬರುತ್ತಿದ್ದವು. ಯಂತ್ರದ ಬೆನ್ನಿನ ಮೇಲೆ ನೋಡಿದ್ದ ಆ ಅಕ್ಷರದಲ್ಲಿ ಕಳೆದುಹೋಗಿದ್ದ ಮನುಷ್ಯ ನನಗೆ ಅಲ್ಲಿ ಕಂಡ. ಚೆನ್ನಾಗಿದೆ ಅನ್ನಿಸಲಿಲ್ಲ. ಸಿಟ್ಟು ಬಂತು, ಅದಕ್ಕಿಂತ ಹೆಚ್ಚು ಭಯವಾಯಿತು.

ಎಡಗೈಗೆ ಹಗ್ಗ ಸುತ್ತಿಕೊಂಡಿದ್ದಳು. ಮೊಣಕೈಯಿಂದ ಮಣಿಕಟ್ಟಿನ ತನಕ, ಬಿಗಿಯಾಗಿ.

ಆದದ್ದು ಏನೆಂದು ಆಮೇಲೆ ತಿಳಿಯಿತು. ಅರ್ಧ ದಾರಿಯಲ್ಲಿ ಹೊರೆ ಎಡಕ್ಕೆ ವಾಲಿತಂತೆ. ಇಳಿಸಿ ಸರಿಮಾಡುವ ಹಾಗಿಲ್ಲ. ಯಾರನ್ನಾದರೂ ಕರೆಯುವ ಹಾಗಿಲ್ಲ. ಬೀಳದ ಹಾಗೆ ಹಗ್ಗದ ತುದಿಯನ್ನು ಕೈಗೆ ಸುತ್ತಿ ಜಗ್ಗಿ ಹಿಡಿದುಕೊಂಡಳು. ಅದೇ ಹೊತ್ತಿಗೆ ಪಕ್ಕದ ಹೊಲದವನು ಬೈಕಿನಲ್ಲಿ ಎದುರು ಬಂದ. ಅವನಿಗೆ ಅವಳ ಕಾಯಿಲೆಯೂ ಗೊತ್ತು, ಕೈಯೂ ಗೊತ್ತು. ಅವಳು ಒದ್ದಾಡುತ್ತಿದ್ದದ್ದನ್ನು ಕಂಡ. ಬೈಕು ಆಫ್ ಮಾಡಿ, ಇಳಿದು, ಬದುವಿನ ಮೇಲೆ ನಿಂತು, ಮರ್ಯಾದೆಯಿಂದ ಮುಖ ತಿರುಗಿಸಿಕೊಂಡ. ಅವಳು ದಾಟಿಹೋದ ಮೇಲೆ ಬೈಕು ಹತ್ತಿದ. ಆಮೇಲೊಂದು ದಿನ ಅವನೇ ಬಂದು ಇದನ್ನು ಹೇಳಿ, "ಹೆಂಗ್ ಮಾತಾಡ್ಸಾದು ಸಾರ್, ಕಡೇಹೊರೆ ಹೊತ್ತಿದ್ರು" ಅಂದ. ಆ ಊರಿನಲ್ಲಿ ಹುಟ್ಟಿದ ಯಾರೇ ಆಗಿದ್ದರೂ ಅದನ್ನೇ ಮಾಡುತ್ತಿದ್ದರು.

ಸೊಸೆ ನೀರು ಹುಯ್ದಳು. "ಏನ್ ಬಂತು?"

"ಹುಲುಸು ಬಂತು" ಅಂದಳು ಅಕ್ಕ. ದನಿ ಗಟ್ಟಿಯಾಗಿಯೇ ಇತ್ತು. ಆಮೇಲೆ ಹೊರೆ ಇಳಿಸಿ ಗೋಡೆಗೆ ಒರಗಿ ಕೂತಳು.

ನಾನು ಹಗ್ಗ ಬಿಚ್ಚಿದೆ. ಕೈ ತುಂಬ ಹಗ್ಗದ ಬರೆ. ಬಯ್ಯುತ್ತಲೇ ಬಿಚ್ಚಿದೆ, ಏನೇನು ಬೈದೆನೋ ನೆನಪಿಲ್ಲ. ಅವಳು ಆ ಕೈಯನ್ನು ಎತ್ತಿ ಕಿವಿಗೆ ಹಿಡಿದಳು. ಮತ್ತೆ ಹಿಡಿದಳು. ಸೊಸೆಯನ್ನು ಕರೆದು ಅವಳ ಕಿವಿಗೂ ಹಿಡಿಸಿದಳು. ಸೊಸೆ ನನ್ನ ಮುಖ ನೋಡಿದಳು.

"ಜೇನು ಮಾತಾಡ್ತಿಲ್ಲ ಕಣಪ್ಪ" ಅಂದಳು ಅಕ್ಕ.

ಬೆಳಗ್ಗೆ ಮೊದಲ ಬಸ್ಸಿಗೆ ದುರ್ಗಕ್ಕೆ ಬಂದೆವು, ಭಾವನೂ ಜೊತೆಗೆ ಬಂದರು. ಡಾಕ್ಟರು ಕೈ ಮುಟ್ಟಿ ನೋಡಿ, ಯಂತ್ರ ಇಟ್ಟು ನೋಡಿ, ಸಿಟ್ಟಾದರು. ಒಳಗೆ ರಕ್ತ ಹೆಪ್ಪುಗಟ್ಟಿದೆ, ಈ ಕೈ ಮುಗಿಯಿತು ಅಂದರು. ಸದ್ಯಕ್ಕೆ ಕುತ್ತಿಗೆಗೆ ನಳಿಕೆ ಹಾಕಿ ಡಯಾಲಿಸಿಸ್ ಮಾಡಬಹುದು. ಅದು ಬಹಳ ದಿನ ಇಡುವಂಥದ್ದಲ್ಲ. ಅಷ್ಟರಲ್ಲಿ ದಾವಣಗೆರೆಗೋ ಬೆಂಗಳೂರಿಗೋ ಹೋಗಿ ಬಲಗೈಗೆ ಹೊಸದಾಗಿ ಮಾಡಿಸಬೇಕು. ಬಲಗೈಯ ನಾಳಗಳು ಸಣ್ಣ, ಆದರೆ ಆಯಿತು, ಇಲ್ಲದಿದ್ದರೆ ಇಲ್ಲ. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿ ಹೊರಗೆ ಕೂತು ಯೋಚಿಸಿ ಅಂದರು.

ಹೊರಗಿನ ಬೆಂಚಿನ ಮೇಲೆ ಅಕ್ಕ ನಡುವೆ, ನಾನು ಮತ್ತು ಭಾವ ಆಚೆ ಈಚೆ.

"ಹಾಕಿಸ್ಕಳಾಣ ಅಕ್ಕ" ಅಂದೆ.

"ಬ್ಯಾಡ."

"ಬ್ಯಾಡ ಅಂದ್ರೆ ಏನಂತ ಗೊತ್ತಾ ನಿಂಗೆ?"

"ಗೊತ್ತು. ನಿಂಗಿಂತ ಮೊದ್ಲೇ ಗೊತ್ತು."

ನಾನು ಎದ್ದು ನಿಂತು ಕೂಗಾಡಿದೆ. ಒಂದು ಹೊರೆ ರಾಗಿಗೆ ಪ್ರಾಣ ಕೊಡುತ್ತೀಯ ಎಂದು ಕೇಳಿದೆ. ಜನ ನೋಡಿದರು. ಅಕ್ಕ ನನ್ನ ಅಂಗಿಯ ತುದಿ ಹಿಡಿದು ಜಗ್ಗಿ ಕೂರಿಸಿದಳು, ಚಿಕ್ಕಂದಿನಲ್ಲಿ ಜಗ್ಗುತ್ತಿದ್ದ ಹಾಗೆಯೇ.

"ರಾಗಿಗಲ್ಲ ಕಣಲೇ" ಅಂದಳು. "ವಾರದಾಗೆ ಎರಡ್ ದಿನ ಇಲ್ಲಿ. ಮಾರನೇ ದಿನ ತಲೆ ಎತ್ತಾಕಾಗಲ್ಲ. ಆಮ್ಯಾಲೆ ಮತ್ತೆ ಬಸ್ಸು. ನಾನು ಬದುಕ್ತಾ ಇಲ್ಲ, ಬಸ್ಸಿನಾಗೆ ಓಡಾಡ್ತಾ ಇದೀನಿ. ನೆನ್ನೆ ಒಂದಿನ ನಮ್ಮ ಹೊಲದಾಗೆ ನಾನಿದ್ದೆ. ಸಾಕು."

"ಅದಕ್ಕೇ ಬೇಕಂತ್ಲೇ ಹೊತ್ಯಾ?"

"ಇಲ್ಲಪ್ಪ. ಹೊತ್ರೆ ಏನೂ ಆಗಲ್ಲ ಅನ್ಕಂಡಿದ್ದೆ."

ಆ ಮಾತು ನನ್ನನ್ನು ಇವತ್ತಿಗೂ ಬಿಟ್ಟಿಲ್ಲ. ಸಾಯಬೇಕು ಎಂದು ಹೊತ್ತಿದ್ದರೆ ಏನೋ ಒಂದು ಅರ್ಥ ಸಿಗುತ್ತಿತ್ತು. ಅವಳು ಬದುಕುವವಳ ಹಾಗೆಯೇ ಹೊತ್ತಿದ್ದಳು. ನಾನು ಹೇಳಿದ ಅಕ್ಷರದ ಕಥೆ ಅವಳ ತಲೆಯಲ್ಲಿ ಇತ್ತೇ ಎಂದು ಕೇಳಿಕೊಂಡಿದ್ದೇನೆ. ಇರಲಿಲ್ಲ. ನನ್ನ ಕಥೆಗೆ ಅಷ್ಟು ಬೆಲೆ ಕೊಡುವವಳಲ್ಲ ಅವಳು. ಚೀನಾದವರು ಬರೆಯದೆ ಇದ್ದಿದ್ದರೂ ಹೊರುತ್ತಿದ್ದಳು.

ಭಾವ ಟವೆಲ್ಲಿನಿಂದ ಮುಖ ಒರೆಸಿಕೊಂಡು, "ಹೋಗಾಣ" ಅಂದರು. ಅಕ್ಕ ಎದ್ದಳು. ನಾನು ಅವರ ಮೇಲೂ ರೇಗಿದೆ. ಹೆಂಡತಿಯನ್ನು ಸಾಯಲು ಬಿಡುತ್ತೀರಾ ಅಂದುಬಿಟ್ಟೆ. ಅವರು ನನ್ನ ಭುಜದ ಮೇಲೆ ಕೈಯಿಟ್ಟು, "ಅವಳು ಒಂದ್ಸಲ ಬ್ಯಾಡ ಅಂದ್ರೆ ಯಾವತ್ತಾದ್ರೂ ಆತು ಅಂದಿದ್ದಾಳಾ? ನಿಮ್ಮ ಮನೆ ಹುಡುಗಿ, ನಿಮಗೇ ಗೊತ್ತಿರಬೇಕು" ಅಂದರು. ಚಿಕಿತ್ಸೆ ಬೇಡ ಎಂಬುದಕ್ಕೆ ಡಾಕ್ಟರು ಸಹಿ ಕೇಳಿದರು. ಅಕ್ಕ ಹೆಬ್ಬೆಟ್ಟು ಒತ್ತಿದಳು.

ಡಯಾಲಿಸಿಸ್ ನಿಂತರೆ ಒಳಗೆ ನೀರು ತುಂಬುತ್ತ ಹೋಗುತ್ತದೆ, ಉಸಿರು ಗಿಡ್ಡವಾಗುತ್ತದೆ, ನಿದ್ದೆ ಹೆಚ್ಚುತ್ತದೆ. ಇದೆಲ್ಲ ಆಗುವುದಕ್ಕೆ ಬಹಳ ದಿನ ಬೇಕಾಗುವುದಿಲ್ಲ ಎಂದು ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು. ನಾನು ಅಂಗಡಿಗೆ ಬೀಗ ಹಾಕಿ ಅಕ್ಕನ ಮನೆಯಲ್ಲೇ ಉಳಿದೆ. ಮೊದಮೊದಲು ಅವಳು ಚೆನ್ನಾಗಿಯೇ ಇದ್ದಳು. ಹೊಸ ರಾಗಿಯ ಮುದ್ದೆ ಕೇಳಿ ಉಂಡಳು. ಅವರೆಕಾಯಿಯ ಕಾಲ, ಭಾವ ಹೊಲದ ಸುತ್ತಿನಿಂದ ಒಂದು ಮೂಟೆ ಕಿತ್ತು ತಂದು ಅಂಗಳದಲ್ಲಿ ಸುರಿದರು. ಅಕ್ಕ ಗೋಡೆಗೆ ಒರಗಿ ಕೂತು ಸುಲಿಯುತ್ತಿದ್ದಳು. ಎಡಗೈ ಊದಿತ್ತು, ಬಲಗೈಯಲ್ಲೇ ಸಿಪ್ಪೆ ಒತ್ತಿ ಕಾಳು ಬಿಡಿಸುತ್ತಿದ್ದಳು.

ಆಗ ನನಗೆ ಫೋನು ಬಂತು. ಆಸ್ಪತ್ರೆಯ ಟೆಕ್ನಿಷಿಯನ್ ಹುಡುಗಿ.

"ಸಾರ್, ಅಮ್ಮಾರು ಈ ವಾರ ಎರಡು ಸಲಾನೂ ಬರಲಿಲ್ಲ" ಅಂದಳು. ಆಮೇಲೆ, "ಹೊಸದುರ್ಗದ ಕಡೆಯೋರು ಒಬ್ರು ಬಾಳ ದಿನದಿಂದ ಕಾಯ್ತಾ ಅವ್ರೆ ಸಾರ್. ಅಮ್ಮಾರ ಬೆಡ್ಡು ಅವ್ರಿಗೆ ಕೊಡ್ಲಾ?" ಎಂದು ಕೇಳಿದಳು.

ಅಲ್ಲಿ ಮಂಚಗಳು ಇರುವುದೇ ಕಮ್ಮಿ, ಕಾಯುವವರು ಬಹಳ. ಒಬ್ಬರ ಮಂಚ ಇನ್ನೊಬ್ಬರಿಗೆ ಸಿಗುವುದು ಸಾಮಾನ್ಯವಾಗಿ ಒಂದೇ ಕಾರಣಕ್ಕೆ. ಅಕ್ಕನಿಗೂ ಹಾಗೆಯೇ ಸಿಕ್ಕಿದ್ದು. ಅದು ಯಾರದಾಗಿತ್ತು ಎಂದು ಆಗ ನಾವು ವಿಚಾರಿಸಲಿಲ್ಲ, ಮಂಚ ಸಿಕ್ಕಿತಲ್ಲ ಎಂದು ಸಂತೋಷಪಟ್ಟಿದ್ದೆವು. ನಾನು ಫೋನನ್ನು ಅಂಗೈಯಿಂದ ಮುಚ್ಚಿಕೊಂಡೆ.

"ಯಾರಂತೆ?" ಅಂದಳು ಅಕ್ಕ.

ಹೇಳಿದೆ. ಸುಳ್ಳು ಹೇಳಬೇಕೆಂದು ಹೊಳೆಯಲೇ ಇಲ್ಲ.

"ಕೊಡು ಅನ್ನು" ಅಂದಳು, ಕಾಳಿನಿಂದ ಕಣ್ಣೆತ್ತದೆ. "ಪಾಪ, ಇನ್ನೊಬ್ರು ಯಾಕ್ ಕಾಯ್ಬೇಕು."

"ಸಾರ್, ಕೇಳಿಸ್ತಾ ಐತಾ?" ಫೋನಿನಲ್ಲಿ ಹುಡುಗಿ ಕೇಳುತ್ತಿದ್ದಳು. ಅಂಗೈ ತೆಗೆದೆ.

"ಕೊಡವ್ವ" ಅಂದೆ.

ಆ ಹುಡುಗಿ ದನಿ ತಗ್ಗಿಸಿ, "ಯಾವಾಗ ಹೋದ್ರು ಸಾರ್?" ಎಂದು ಕೇಳಿದಳು.

ಅಕ್ಕ ನನ್ನೆದುರಿಗೇ ಕೂತು ಅವರೆಕಾಯಿ ಸುಲಿಯುತ್ತಿದ್ದಳು.